ಏಳನೆಯ ಸಂಖ್ಯೆಯ ಜಿಗಿತ

ಹಾಫ್‌ಮನ್ ಎಸ್ಟೇಟ್ಸ್, ಇಲಿನಾಯ್
9 ಫೆಬ್ರವರಿ 2025

ಪ್ರೀತಿಯ ಲತಕ್ಕ,

ಫೋನಿನಲ್ಲಿ ಹೇಳಲು ಹೊರಟರೆ ನಿನ್ನ ಕಡೆ ಮಗಳು ಸಿಯಾ ಏನಾದರೂ ಚೆಲ್ಲುತ್ತಾಳೆ, ನನ್ನ ಕಡೆ ಮೀಟಿಂಗ್ ಶುರುವಾಗುತ್ತದೆ. ಇನ್ನು ಮುಂದೆ ಮುಖ್ಯವಾದದ್ದನ್ನೆಲ್ಲ ಇಮೇಲಿನಲ್ಲಿ ಬರೆಯುತ್ತೇನೆ. ಅದೂ ಕನ್ನಡದಲ್ಲಿ, ಪೂರ್ಣ ವಾಕ್ಯಗಳಲ್ಲಿ. ನಗಬೇಡ.

ವಿಷಯವಿಷ್ಟು. ನಮ್ಮ ಗೇಮ್ ಸ್ಟುಡಿಯೊ ಹೊಸದಾಗಿ ಒಬ್ಬ ಪ್ರೋಗ್ರಾಮರನ್ನು ತೆಗೆದುಕೊಳ್ಳುತ್ತಿದೆ, ಆಯ್ಕೆ ಸಮಿತಿಯಲ್ಲಿ ನಾನಿದ್ದೇನೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬದವರಿಗೆ ಇಂಥ ಅವಕಾಶ ಸಿಗುವುದಿಲ್ಲ. ಪ್ರತಿ ಸಮಿತಿಯಲ್ಲೂ ಒಬ್ಬ ಮಹಿಳೆಯಾದರೂ ಇರಬೇಕೆಂಬ ನಿಯಮ ಈಚೆಗೆ ಬಂದಿರುವುದೂ, ಇಲ್ಲಿನ ಪ್ರೋಗ್ರಾಮರುಗಳಲ್ಲಿ ನಾನೊಬ್ಬಳೇ ಮಹಿಳೆಯೆಂಬುದೂ ನಿಜ. ಆದರೆ ಕರೆದದ್ದು ಅಷ್ಟಕ್ಕೇ ಎಂದು ನಾನು ಭಾವಿಸುವುದಿಲ್ಲ. ನಮ್ಮ ಮುಖ್ಯಸ್ಥ ಡೆರೆಕ್, ನನ್ನಷ್ಟು ಕಟ್ಟುನಿಟ್ಟಾಗಿ ಕೋಡ್ ಓದುವವರನ್ನು ತಾನು ನೋಡಿಲ್ಲ ಎಂದ. ಮೈಸೂರಿನಲ್ಲಿ ಮೊದಲ ರ‍್ಯಾಂಕ್, ಮಿಷಿಗನ್‌ನಲ್ಲಿ ಮತ್ತೆ ತರಗತಿಗೆ ಮೊದಲು. ಇದನ್ನು ನಾನು ಯಾರಿಗೂ ನೆನಪಿಸಬೇಕಾಗಿ ಬರಲಿಲ್ಲ.

ನಮ್ಮ ಕ್ರಮ ನಿನಗೆ ಹಿಡಿಸುತ್ತದೆ. ಅರ್ಜಿದಾರರ ಹೆಸರು, ಭಾವಚಿತ್ರ, ಓದಿದ ಕಾಲೇಜು, ದುಡಿದ ಕಂಪನಿ ಎಲ್ಲವನ್ನೂ ಅಳಿಸಿ ಒಂದೊಂದು ಸಂಖ್ಯೆ ಕೊಡುತ್ತಾರೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸ ಮಾಡಿದರೆಂಬ ಕಾಲಪಟ್ಟಿ, ಮನೆಯಲ್ಲಿ ಕೂತು ಬರೆದು ಕಳಿಸಿದ ಒಂದು ಕೋಡ್ ಪರೀಕ್ಷೆ, ಇಷ್ಟೇ ನಮ್ಮ ಮುಂದೆ ಇರುವುದು. ವಿಶ್ವವಿದ್ಯಾನಿಲಯದ ಉತ್ತರಪತ್ರಿಕೆಯ ಮೇಲೆ ರಿಜಿಸ್ಟರ್ ನಂಬರ್ ಮಾತ್ರ ಇರುತ್ತಿತ್ತಲ್ಲ, ಹಾಗೆ. ಮನೆಯಿಂದಲೇ ಮಾಡಬಹುದಾದ ಕೆಲಸವಾದ್ದರಿಂದ ಅಮೆರಿಕದ ಎಲ್ಲ ಕಡೆಗಳಿಂದ ಅರ್ಜಿ ಬರುತ್ತಿದೆ.

ನಮ್ಮ ಮನೆಯೊಡತಿ ಅನುಸೂಯಮ್ಮ ಆಂಟಿಗೆ ಇದನ್ನೆಲ್ಲ ವಿವರಿಸಿದೆ. "ಗೇಮ್ ಆಡೋದಕ್ಕೂ ಆಫೀಸಾ?" ಎಂದರು. ಆಡುವುದಲ್ಲ, ತಯಾರಿಸುವುದು ಎಂದೆ. "ಅದನ್ನ ಹುಡುಗರು ಮಾಡ್ಕೊಳಲ್ವೇನೇ?" ಎಂದು ತೊವ್ವೆಗೆ ಒಗ್ಗರಣೆ ಹಾಕಲು ಹೋದರು.

ನೀನು ಯಾವಾಗ ಈ ಕೆಲಸಕ್ಕೆ ವಾಪಸು ಬರುತ್ತೀಯ? ಮದುವೆಗೆ ಮೊದಲು ಬೆಂಗಳೂರಿನಲ್ಲಿ ನೀನು ಮಾಡಿದ ಆಟಗಳನ್ನು ನೋಡಿಯೇ ಅಲ್ಲವೇ ನಾನು ಈ ದಾರಿ ಹಿಡಿದದ್ದು?

ನಿನ್ನ
ಭಾನು

*

ನೋವೈ, ಮಿಷಿಗನ್
16 ಫೆಬ್ರವರಿ 2025

ಭಾನು ಪುಟ್ಟಿ,

ಪೂರ್ಣ ವಾಕ್ಯಗಳಲ್ಲಿ ಬರೆಯುವ ಹುಡುಗಿಗೆ ಅರ್ಧಂಬರ್ಧ ವಾಕ್ಯಗಳ ಅಕ್ಕನಿಂದ ಶಾಭಾಸ್. ನಿನ್ನ ಪತ್ರವನ್ನು ಪ್ರಸಾದ್‌ಗೂ ಓದಿ ಹೇಳಿದೆ. "ಇವಳು ಮಾರ್ಕ್ಸ್ ಹಾಕೋಕೆ ಕೂತ್ರೆ ಅಮೆರಿಕದಲ್ಲಿ ಯಾರೂ ಪಾಸಾಗಲ್ಲ" ಅಂದರು ನಿನ್ನ ಭಾವ.

ನಿನಗೆ ಒಂದು ಸುದ್ದಿ. ನನ್ನ ಕೆಲಸದ ಪರವಾನಗಿ ಕಾರ್ಡ್ ಕೊನೆಗೂ ಬಂತು. ಅಂಚೆ ಡಬ್ಬಿಯಲ್ಲಿ ಪಿಜ್ಜಾ ಕೂಪನ್‌ಗಳ ಮಧ್ಯೆ ಬಿದ್ದಿತ್ತು. ಐದು ವರ್ಷ ಕಾದದ್ದು ಕೈಗೆ ಬಂದಾಗ ಏನು ಮಾಡಬೇಕೋ ತೋಚದೆ, ಅದನ್ನು ಫ್ರಿಜ್ಜಿನ ಮೇಲಿಟ್ಟು ಸಿಯಾಳನ್ನು ಈಜಿಗೆ ಕರೆದುಕೊಂಡು ಹೋದೆ.

ಈಗ ಎರಡು ದಾರಿಯಿದೆ. ಆಬರ್ನ್ ಹಿಲ್ಸ್‌ನಲ್ಲಿ ಶಿವರಾಮು ಅವರ ಕಂಪನಿ ಕಾರಿನ ಪರದೆಗಳ ತಂತ್ರಾಂಶ ಮಾಡುತ್ತದೆ. ಅಲ್ಲಿ ತಪ್ಪು ಹುಡುಕುವ ಪರೀಕ್ಷಕರು ಬೇಕಂತೆ. ಏಪ್ರಿಲ್ ಕೊನೆಯವರೆಗೆ ಜಾಗ ಹಿಡಿದಿಡುತ್ತೇನೆ ಎಂದಿದ್ದಾರೆ. "ಹತ್ರ ಇದೆ, ಗೊತ್ತಿರೋರು, ಸೇರ್ಕೋ" ಅನ್ನುತ್ತಾರೆ ಪ್ರಸಾದ್. ನನಗೆ ಮಾತ್ರ ಆಟಗಳಿಗೇ ವಾಪಸು ಹೋಗಬೇಕು. ಈ ಉದ್ಯಮದಲ್ಲಿ ಐದು ವರ್ಷ ದೂರವಿದ್ದವಳಿಗೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಕಾರಿನ ಪರದೆಯ ಮುಂದೆ ಇನ್ನೆರಡು ವರ್ಷ ಕೂತರೆ ಪೂರ್ತಿ ಮುಚ್ಚಿಹೋಗುತ್ತದೆ. ಏಪ್ರಿಲ್‌ವರೆಗೆ ನೋಡುತ್ತೇನೆ.

ನೀನು ಶಿಫಾರಸು ಮಾಡುತ್ತೇನೆ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ನಾನು ಒಳಗೆ ಹೋದರೆ ನನ್ನ ಕೆಲಸ ನೋಡಿ ಕರೆಯಬೇಕು. "ಭಾನು ಅವರ ಅಕ್ಕ ಅಂತೆ" ಎಂದು ಆಫೀಸಿನ ಊಟದ ಕೋಣೆಯಲ್ಲಿ ಯಾರಾದರೂ ಹೇಳುವುದನ್ನು ಕೇಳಿಸಿಕೊಳ್ಳಲಾರೆ. ನಿನಗಿರುವ ಜಂಬ ಮನೆತನದ್ದೇ ಕಣೇ, ನಿನ್ನೊಬ್ಬಳದಲ್ಲ.

ಒಂದೇ ಪ್ರಶ್ನೆ. ಕಾಲಪಟ್ಟಿಯಲ್ಲಿ ಗ್ಯಾಪ್ ಇರುವವರನ್ನು ನೀವು ಹೇಗೆ ನೋಡುತ್ತೀರಿ? ಸುಮ್ಮನೆ ತಿಳಿದುಕೊಳ್ಳೋಣ ಅಂತ.

ಲತಕ್ಕ

*

ಹಾಫ್‌ಮನ್ ಎಸ್ಟೇಟ್ಸ್
2 ಮಾರ್ಚ್ 2025

ಪ್ರೀತಿಯ ಅಕ್ಕ,

ಕಾರ್ಡ್ ಬಂದ ಸುದ್ದಿ ಓದಿ ಅನುಸೂಯಮ್ಮ ಆಂಟಿಗೆ ಕೇಳುವಂತೆ ಕೂಗಿದೆ. ನಿನ್ನ ಪ್ರಶ್ನೆಗೆ ಉತ್ತರ: ಗ್ಯಾಪ್ ಅನ್ನು ನಾವು ಪರಿಗಣಿಸುವುದೇ ಇಲ್ಲ. ಪರೀಕ್ಷೆಯೊಂದೇ ಮಾನದಂಡ. ಧೈರ್ಯವಾಗಿ ಎಲ್ಲಿ ಬೇಕಾದರೂ ಅರ್ಜಿ ಹಾಕು.

ಇದು ನಮ್ಮಿಬ್ಬರಲ್ಲೇ ಇರಲಿ. ಸಮಿತಿಯ ವಿಷಯ ಹೊರಗೆ ಹೇಳುವಂತಿಲ್ಲ. ಮೊನ್ನೆ ಶುಕ್ರವಾರ ಒಂದು ಸಣ್ಣ ಪ್ರಸಂಗ ನಡೆಯಿತು. ನಾವು ಕೊಟ್ಟ ಪರೀಕ್ಷೆ ಸರಳ. ಒಬ್ಬ ಹುಡುಗಿ ಚಾವಣಿಯಿಂದ ಚಾವಣಿಗೆ ಜಿಗಿಯುತ್ತ ಓಡಬೇಕು. ಪಾದ ಚಾವಣಿಗೆ ತಾಗಿರುವಾಗ ಗುಂಡಿ ಒತ್ತಿದರೆ ಮಾತ್ರ ಜಿಗಿಯಬೇಕೆಂದು ಪ್ರಶ್ನೆಯಲ್ಲಿ ಸ್ಪಷ್ಟವಾಗಿತ್ತು. ಏಳನೆಯ ಸಂಖ್ಯೆಯವರು ಬುದ್ಧಿವಂತಿಕೆ ತೋರಿಸಿದ್ದರು. ಪಾದ ಅಂಚು ದಾಟಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಜಿಗಿಯಲು ಬಿಟ್ಟಿದ್ದರು. ಪಕ್ಕದಲ್ಲಿ ಟಿಪ್ಪಣಿ ಬೇರೆ: ಆಡುವವರಿಗೆ ತಾವಿನ್ನೂ ಅಂಚಿನ ಮೇಲೇ ಇದ್ದೇವೆ ಎನ್ನಿಸುತ್ತಿರುತ್ತದೆ, ಬೆರಳು ತಡವಾದದ್ದಕ್ಕೆ ಬೀಳಿಸುವುದು ಬೇಡ ಎಂದು. ಆಟಗಳಲ್ಲಿ ಈ ರಿಯಾಯಿತಿ ಕೊಡುವುದುಂಟು, ನನಗೂ ಗೊತ್ತು. ಆದರೆ ಕೇಳದೆ ಕೊಟ್ಟರೆ ಅದು ಉತ್ತರವಲ್ಲ.

ಸಮಿತಿಯ ಮೂರನೆಯವನು ಅನುಜ್. ವುಡ್‌ರಿಡ್ಜ್‌ನಲ್ಲಿ ಹುಟ್ಟಿ ಬೆಳೆದ ನಮ್ಮವರ ಹುಡುಗ. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅವನು, "ಐ ಲೈಕ್ ಇಟ್, ಭಾನು. ಜಂಪ್ ಚೆನ್ನಾಗಿ ಫೀಲ್ ಆಗುತ್ತೆ" ಎಂದ. ಪ್ರಶ್ನೆಯನ್ನು ಮತ್ತೆ ಓದು ಎಂದೆ. ಓದಿ, ಸರಿ ಎಂದ. ಡೆರೆಕ್ ನನ್ನ ಕಡೆ ತಿರುಗಿ, ನೀನು ಬೇಡವೆಂದರೆ ಬೇಡ, ಅಲ್ಲಿಗೆ ಮುಗಿಯಿತು ಎಂದ. ಅಕ್ಕ, ಒಂದು ಮಾತಿಗೆ ಅಷ್ಟು ತೂಕ ಬರುವುದನ್ನು ನಾನು ಇಲ್ಲಿ ಮೊದಲ ಬಾರಿ ಕಂಡೆ.

ಇನ್ನೊಂದನ್ನೂ ಹೇಳಬೇಕು. ಏಳನೆಯವರ ಕಾಲಪಟ್ಟಿಯಲ್ಲಿ ದೊಡ್ಡ ಖಾಲಿ ಜಾಗವಿತ್ತು. ಹೆಸರು ಅಳಿಸಿದರೇನು, ಅದು ಹೆಂಗಸೆಂದು ಮೂವರಿಗೂ ತಿಳಿದಿತ್ತು. ಕಳೆದ ವಾರವಷ್ಟೇ ಕಾಫಿ ಯಂತ್ರದ ಹತ್ತಿರ ಯಾರೋ, ಈ ಸಲ ಹೆಂಗಸರಿಗೇ ಸೀಟು, ಭಾನು ಇದ್ದಾಳಲ್ಲ ಎಂದು ನಕ್ಕದ್ದು ನನ್ನ ಕಿವಿಗೆ ಬಿದ್ದಿತ್ತು. ಇನ್ನು ಹಾಗೆ ಯಾರೂ ಹೇಳಲಾರರು. ನನ್ನ ಬಳಿ ಪಕ್ಷಪಾತವಿಲ್ಲವೆಂಬುದು ಅವರಿಗೆ ಮನದಟ್ಟಾಯಿತು.

ನಿನ್ನ
ಭಾನು

*

ನೋವೈ
23 ಮಾರ್ಚ್ 2025

ಭಾನು,

ತಡವಾಯಿತು. ಸಿಯಾಗೆ ಜ್ವರ ಬಂದು ಹೋಯಿತು, ಆಮೇಲೆ ನನಗೆ. ಇಲ್ಲಿ ಇನ್ನೂ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಡ್ರೈವ್‌ವೇ ಬದಿಯ ಹಿಮ ಕಪ್ಪಾಗಿ ಕೂತಿದೆ, ಕರಗುವುದೂ ಇಲ್ಲ, ಹೋಗುವುದೂ ಇಲ್ಲ.

ಕೆಲಸ ಹುಡುಕುವುದು ನಡೆಯುತ್ತಿದೆ.

ಆ ಏಳನೆಯವರ ಜಿಗಿತದ ವಿಷಯ ಬರೆದಿದ್ದೆಯಲ್ಲ. ಅದನ್ನು ನೀನು ಆಡಿ ನೋಡಿದೆಯೋ, ಬರೀ ಓದಿದೆಯೋ?

ಲತಾಶ್ರೀ

*

ಹಾಫ್‌ಮನ್ ಎಸ್ಟೇಟ್ಸ್
30 ಮಾರ್ಚ್ 2025, ಯುಗಾದಿ

ಪ್ರೀತಿಯ ಅಕ್ಕ,

ಹಬ್ಬದ ಶುಭಾಶಯ. ಬೇವು ಸಿಗದೆ ಅನುಸೂಯಮ್ಮ ಆಂಟಿ ಯಾವುದೋ ಕಹಿ ಸೊಪ್ಪನ್ನು ಬೆಲ್ಲಕ್ಕೆ ಹಾಕಿ ಕೊಟ್ಟರು.

ನಿನ್ನ ಪತ್ರವನ್ನು ಹಲವು ಬಾರಿ ಓದಿದೆ. ನಾಲ್ಕೇ ಮಾತು, ಕೆಳಗೆ ಲತಕ್ಕ ಎಂದು ಕೂಡ ಇಲ್ಲ, ಲತಾಶ್ರೀ ಎಂದಿದೆ. ಇದು ಜ್ವರದ ಆಯಾಸವೋ, ನನ್ನ ಮೇಲಿನ ಮುನಿಸೋ ತಿಳಿಯಲಿಲ್ಲ. ನೀನೇ ಬೇಡವೆಂದದ್ದರಿಂದ ನಾನು ಶಿಫಾರಸು ಮಾಡಲಿಲ್ಲ. ಬೇಡವೆಂದದ್ದು ಮಾಡು ಎಂಬ ಅರ್ಥದಲ್ಲಾಗಿದ್ದರೆ ನನಗೆ ಅದು ಹೊಳೆಯುವುದಿಲ್ಲ, ನಿನಗೇ ಗೊತ್ತು.

ಏಳನೆಯದನ್ನು ಓದಿದೆ. ಕೋಡ್ ಓದುವುದಕ್ಕಲ್ಲವೇ ಇರುವುದು? ಆಯ್ಕೆಯಾದದ್ದು ಹನ್ನೊಂದನೆಯ ಸಂಖ್ಯೆ. ಹೆಸರು ತೆರೆದಾಗ ಅವನು ಸಿಯಾಟಲ್‌ನ ಹುಡುಗ ಎಂದು ತಿಳಿಯಿತು. ಆಯ್ಕೆಗೆ ಮೊದಲು ಅವನ ಜಿಗಿತವನ್ನು ಡೆರೆಕ್ ದೊಡ್ಡ ಪರದೆಗೆ ಹಾಕಿ ಆಡಿದ್ದ, ಎಲ್ಲರೂ ಸುತ್ತ ನಿಂತು ನೋಡಿದ್ದೆವು. ಒಳ್ಳೆಯ ಕೈ.

ನಮ್ಮ ಜಾಲತಾಣದಲ್ಲಿ ನನ್ನ ದೊಡ್ಡ ಭಾವಚಿತ್ರ ಬಂದಿದೆ. ಇಲ್ಲಿ ನಿರ್ಧಾರಗಳನ್ನು ಇವರೂ ತೆಗೆದುಕೊಳ್ಳುತ್ತಾರೆ ಎಂದು ಅಡಿಬರಹ. ವಿಚಿತ್ರವೆಂದರೆ, ಅದೇ ವಾರ ನಮ್ಮ ಆಟದ ನಾಯಕಿಯ ಓಟ, ನಡಿಗೆಯ ಕೆಲಸವನ್ನು ನನ್ನಿಂದ ತೆಗೆದು ಅನುಜ್‌ಗೆ ಕೊಟ್ಟರು. ಮುಂದಿನ ಎಲ್ಲ ಆಯ್ಕೆ ಸಮಿತಿಗಳಿಗೂ, ಕಾಲೇಜು ಭೇಟಿಗಳಿಗೂ ನಾನೇ ಬೇಕಂತೆ, ಆದ್ದರಿಂದ ಹೊರೆ ಕಡಿಮೆ ಮಾಡಿದರಂತೆ. ಗೌರವಿಸಿದರೋ, ಬದಿಗಿಟ್ಟರೋ ಎಂದು ನಾನು ಎರಡು ದಿಕ್ಕಿನಿಂದಲೂ ಲೆಕ್ಕ ಹಾಕಿದೆ, ಎರಡೂ ಸರಿಹೊಂದುತ್ತದೆ. ಪರೀಕ್ಷೆಗಳಲ್ಲಿ ನನಗೆ ಹೀಗೆ ಎಂದೂ ಆಗಿರಲಿಲ್ಲ.

ಇಲ್ಲಿ ಆಟ ಆಡಿ ತಪ್ಪು ಹುಡುಕುವ ಪರೀಕ್ಷಕರ ಜಾಗ ಒಂದು ಖಾಲಿಯಾಗಲಿದೆ. ನಿನ್ನ ಗ್ಯಾಪ್‌ಗೆ ಅದು ಒಳ್ಳೆಯ ಆರಂಭವಾಗಬಹುದು. ಒಪ್ಪಿದರೆ ಒಂದು ಮಾತು ಹೇಳುತ್ತೇನೆ.

ನಿನ್ನ
ಭಾನು

*

ನೋವೈ
13 ಏಪ್ರಿಲ್ 2025

ಭಾನು,

ಮೂರು ಸಲ ಬರೆದು ಬಿಟ್ಟೆ. ಇದನ್ನು ಕಳಿಸುತ್ತೇನೆ.

ಏಳನೆಯ ಸಂಖ್ಯೆ ನಾನು.

ನಿನ್ನ ಮೊದಲ ಪತ್ರ ಬಂದ ರಾತ್ರಿಯೇ ಅರ್ಜಿ ಹಾಕಿದೆ. ನಿನಗೆ ಹೇಳಿದ್ದರೆ ನೀನು ಸಮಿತಿಯಿಂದ ಏಳಬೇಕಾಗುತ್ತಿತ್ತು, ಅಥವಾ ನಾನು ನಿನ್ನ ನೆರಳಾಗುತ್ತಿದ್ದೆ. ಹೇಳಲಿಲ್ಲ. ಅಷ್ಟು ನನ್ನ ಲೆಕ್ಕ.

ಇನ್ನು ನಾನು ಏನೆಂದುಕೊಂಡೆ ಕೇಳು. ನೀನು ಎಂ.ಎಸ್. ಓದುವಾಗ ಎರಡು ವರ್ಷ ನಮ್ಮ ಬೇಸ್‌ಮೆಂಟ್‌ನಲ್ಲಿದ್ದೆ. ಸಿಯಾ ಮಲಗಿದ ಮೇಲೆ ನಾವಿಬ್ಬರೂ ಕೂತು ಕಂಪ್ಯೂಟರಿನ ಪರದೆಯ ಮೇಲೆ ಗೊಂಬೆಗಳನ್ನು ಜಿಗಿಸಿದ್ದೇವೆ. ಅಂಚು ದಾಟಿದ ಮೇಲೆ ಒಂಚೂರು ಹೊತ್ತು ಬಿಡಬೇಕು ಎಂದು ನಿನಗೆ ಮೊದಲು ತೋರಿಸಿದವಳು ನಾನು. ಹಾಗಾಗಿ ನನ್ನ ಉತ್ತರ ನೋಡಿದ ಕೂಡಲೇ ನಿನಗೆ ಗುರುತಾಗಿರುತ್ತದೆ, ಎದುರಿಗೆ ಹೇಳಲು ಮನಸ್ಸು ಬಾರದೆ ಯಾರದೋ ಕತೆಯೆಂಬಂತೆ ಬರೆದು ತಿಳಿಸಿದ್ದೀಯ ಎಂದು ನಾಲ್ಕು ವಾರ ನಂಬಿದ್ದೆ. ಯುಗಾದಿಯ ಪತ್ರ ಓದಿದಾಗ, ನಿನಗೆ ಗೊತ್ತೇ ಇರಲಿಲ್ಲ ಎಂದು ಅರ್ಥವಾಯಿತು. ಇವೆರಡರಲ್ಲಿ ಯಾವುದು ಮೇಲು ಅಂತ ಈಗಲೂ ಹೇಳಲಾರೆ.

ಪರೀಕ್ಷಕಳ ಜಾಗಕ್ಕೆ ಮಾತು ಹೇಳಬೇಡ. ಅದು ಶಿವರಾಮು ಅವರ ಹತ್ತಿರವೂ ಇದೆ, ಇಪ್ಪತ್ತು ಮೈಲಿ ದೂರದಲ್ಲೇ. ಈ ತಿಂಗಳ ಕೊನೆಗೆ ಅವರಿಗೆ ಉತ್ತರ ಕೊಡಬೇಕು. ಆಟಗಳ ಕಡೆಯಿಂದ ಕೊನೆಗೆ ಉಳಿದಿದ್ದದ್ದು ನಿಮ್ಮದೊಂದೇ.

ಲತಾಶ್ರೀ

*

ಹಾಫ್‌ಮನ್ ಎಸ್ಟೇಟ್ಸ್
15 ಏಪ್ರಿಲ್ 2025

ಅಕ್ಕ,

ನೀನು ಫೋನ್ ತೆಗೆಯುತ್ತಿಲ್ಲ. ಬರೆಯುತ್ತೇನೆ, ಕ್ರಮ ತಪ್ಪಿದರೆ ಕ್ಷಮಿಸು.

ನಿನ್ನೆ ಎರಡೂ ಪರೀಕ್ಷೆಗಳನ್ನು ತೆರೆದೆ, ನಿನ್ನದನ್ನೂ ಹನ್ನೊಂದನೆಯದನ್ನೂ. ಮೊದಲ ಸಲ ಆಡಿದೆ. ಅಕ್ಕ, ಹನ್ನೊಂದನೆಯವನೂ ಅದೇ ರಿಯಾಯಿತಿ ಕೊಟ್ಟಿದ್ದಾನೆ. ಪಾದ ಅಂಚು ದಾಟಿದ ಮೇಲೂ ಅವನ ಹುಡುಗಿ ಜಿಗಿಯುತ್ತಾಳೆ. ಅವನು ಟಿಪ್ಪಣಿ ಕೂಡ ಬರೆದಿಲ್ಲ. ಅದರ ಕೆಳಗೆ ನನ್ನದೇ ಷರಾ ಇದೆ: ಕೇಳಿದ್ದನ್ನು ದಾಟಿ ಆಟದ ಹದವನ್ನು ಬಲ್ಲವರು. ನಿನ್ನದರ ಕೆಳಗೂ ನನ್ನದೇ ಷರಾ: ಪ್ರಶ್ನೆಯನ್ನು ಪಾಲಿಸಿಲ್ಲ. ಎರಡರ ನಡುವೆ ಒಂದು ವಾರವೂ ಕಳೆದಿಲ್ಲ.

ಇವೆರಡನ್ನೂ ಒಬ್ಬಳೇ ಬರೆದದ್ದು ಹೇಗೆಂದು ನನಗೆ ಅರ್ಥವಾಗುತ್ತಿಲ್ಲ. ನಾನು ಹೆಂಗಸರಿಗೆ ವಿರೋಧಿಯೇ? ಅಲ್ಲ. ಹನ್ನೊಂದನೆಯವನು ಗಂಡಸೆಂದು ಮೆಚ್ಚಿದೆನೇ? ಅದೂ ಅಲ್ಲ, ಎಲ್ಲರೂ ಮೆಚ್ಚಿದ್ದರು, ದೊಡ್ಡ ಪರದೆಯ ಮೇಲೆ ನೋಡುವಾಗ ಜಿಗಿತ ಚೆನ್ನಾಗಿ ಕಂಡಿತು, ಪ್ರಶ್ನೆ ನೆನಪಾಗಲಿಲ್ಲ. ನಿನ್ನದನ್ನು ಓದುವಾಗ ಮಾತ್ರ ಪ್ರಶ್ನೆ ನೆನಪಾಯಿತು. ಖಾಲಿ ಜಾಗ ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂತದ್ದು ನೆನಪಿದೆ. ಅಷ್ಟು ಮಾತ್ರ ಖಚಿತ.

ಸಂಜೆ ಪಾರ್ಕಿಂಗ್‌ನಲ್ಲಿ ಅನುಜ್‌ನನ್ನು ಹಿಡಿದೆ. ನಮ್ಮ ಕಟ್ಟಡ ಎಲ್ಕ್ ಗ್ರೋವ್ ವಿಲೇಜ್‌ನ ಗೋದಾಮುಗಳ ನಡುವೆ ಇದೆಯಲ್ಲ, ತಲೆಯ ಮೇಲೆ ವಿಮಾನ ಇಳಿಯುವಾಗ ಮಾತು ನಿಲ್ಲಿಸಬೇಕು.

"ನಿನಗೆ ಏಳು ಇಷ್ಟವಾಗಿತ್ತು. ಯಾಕೆ ವಾದಿಸಲಿಲ್ಲ?" ಎಂದೆ.

"ಆನೆಸ್ಟ್ಲಿ? ನೀನು ನೋ ಅಂದಾಗ ನಮಗೆ ರಿಲೀಫ್ ಆಯ್ತು, ಭಾನು."

"ಯಾಕೆ?"

"ಗ್ಯಾಪ್ ಇರೋರು ಬಂದ್ರೆ ಗೇಮ್ ರಿಲೀಸ್ ಟೈಮಲ್ಲಿ ಮಧ್ಯಾಹ್ನ ಮೂರಕ್ಕೇ ಎದ್ದು ಮಕ್ಕಳ ಸ್ಕೂಲ್ ಪಿಕಪ್‌ಗೆ ಹೋಗ್ತಾರೆ ಅಂತ ಡೆರೆಕ್‌ಗೆ ಟೆನ್ಷನ್. ಅದನ್ನ ನಾವು ಹೇಳೋ ಹಾಗಿಲ್ಲ, ರೈಟ್? ನೀನು ಹೇಳಬಹುದು."

"ನಾನು ಅದನ್ನು ಹೇಳಲೇ ಇಲ್ಲವಲ್ಲ."

"ನೀನು ನೋ ಅಂದೆ. ವೈ ಅಂತ ಯಾರು ಕೇಳ್ತಾರೆ?" ಎಂದ. ಕೆಟ್ಟವನಲ್ಲ ಅವನು. ಕಾರಿನ ಬಾಗಿಲು ತೆರೆದುಕೊಂಡು, "ಅಮ್ಮನೂ ಇಲ್ಲಿಗೆ ಬಂದ್ಮೇಲೆ ಕೆಲಸ ಬಿಟ್ಟಿದ್ಲು" ಎಂದು ಸೇರಿಸಿದ. ಅದನ್ನು ಯಾಕೆ ಸೇರಿಸಿದನೋ ತಿಳಿಯಲಿಲ್ಲ.

ಈಗ ನಾನು ಏನು ಮಾಡಲಿ? ನಾನು ಮೌಲ್ಯಮಾಪನದಲ್ಲಿ ತಪ್ಪಿದೆನೆಂದು ಡೆರೆಕ್‌ಗೆ ಹೇಳಿದರೆ, ಯಾರ ವಿಷಯದಲ್ಲಿ ಎಂದು ಕೇಳುತ್ತಾನೆ. ನನ್ನ ಅಕ್ಕನ ವಿಷಯದಲ್ಲಿ ಎಂದರೆ ಕಾಫಿ ಯಂತ್ರದ ಹತ್ತಿರ ನಕ್ಕವರ ಮಾತು ನಿಜವಾಗುತ್ತದೆ. ಅಕ್ಕನೆಂದು ಹೇಳದಿದ್ದರೆ ಸುಳ್ಳಾಗುತ್ತದೆ. ಸುಮ್ಮನಿದ್ದರೆ ನಿನ್ನ ಬಾಗಿಲನ್ನು ನಾನೇ ಮುಚ್ಚಿದಂತೆ. ಪ್ರತಿ ದಾರಿಯಲ್ಲೂ ಮೂರು ಹೆಜ್ಜೆ ಹೋಗಿ ಹಿಂದೆ ಬರುತ್ತಿದ್ದೇನೆ. ನೀನು ಹೇಳಿದಂತೆ ಮಾಡುತ್ತೇನೆ. ಶಿವರಾಮು ಅಂಕಲ್‌ಗೆ ಈಗಲೇ ಒಪ್ಪಿಗೆ ಕೊಡಬೇಡ.

ಭಾನು

*

ನೋವೈ
20 ಏಪ್ರಿಲ್ 2025

ಭಾನು,

ನೀನು ಹೇಳಿದಂತೆ ಮಾಡುತ್ತೇನೆ ಎಂದು ಬರೆದಿದ್ದೀಯ. ನಾನು ಹೇಳುವುದಿಲ್ಲ. ನನಗೆ ಬಂದದ್ದು ಇಲ್ಲ ಎಂಬ ಉತ್ತರ, ನಿನಗೆ ಬಂದದ್ದು ಪ್ರಶ್ನೆ. ಎರಡನ್ನೂ ನಾನೇ ಹೊರಲಾರೆ.

ಕೋಪ ಬಂದಿದೆಯೇ ಅಂದರೆ ಬಂದಿದೆ. ಮೊನ್ನೆ ಪಾತ್ರೆ ತೊಳೆಯುವಾಗ ಎಷ್ಟು ಬಂತೆಂದರೆ ಪ್ರಸಾದ್ ಬಂದು ನಲ್ಲಿ ನಿಲ್ಲಿಸಿದರು. "ಯಾರೋ ಆಗಿದ್ರೆ ಇಷ್ಟು ಬೇಜಾರಾಗ್ತಿತ್ತಾ ನಿಂಗೆ?" ಎಂದರು. ಇಲ್ಲ ಎಂದೆ. "ಅವಳಿಗೂ ಯಾರೋ ಆಗಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ ಬಿಡು" ಎಂದರು. ಸಮಾಧಾನಕ್ಕೆ ಹೇಳಿದರೋ, ಚುಚ್ಚಿದರೋ, ನಿನ್ನ ಭಾವನ ಮಾತು ನಿನಗೇ ಗೊತ್ತಲ್ಲ.

ನನಗೆ ಕೆಲಸ ಕೊಡಿಸು ಎಂದು ಕೇಳುವುದಿಲ್ಲ. ನನ್ನ ಹೆಸರು ಹೇಳಬೇಡ ಎಂದೂ ಕೇಳುವುದಿಲ್ಲ. ಹೇಳುವುದಾದರೆ ಪೂರ್ತಿ ಹೇಳು.

ಸಿಯಾ ನಿನ್ನನ್ನು ಕೇಳುತ್ತಿದ್ದಳು. "ವೆನ್ ಈಸ್ ಭಾನು ಚಿಕ್ಕಿ ಕಮಿಂಗ್?" ಅಂತ. ಬೇಸಿಗೆಗೆ ಅಂದಿದ್ದೇನೆ.

ಲತಾಶ್ರೀ

*

ಹಾಫ್‌ಮನ್ ಎಸ್ಟೇಟ್ಸ್
26 ಏಪ್ರಿಲ್ 2025

ಅಕ್ಕ,

ನಿನ್ನೆ, ಶುಕ್ರವಾರ, ಡೆರೆಕ್‌ನ ಕೋಣೆಗೆ ಹೋದೆ. ನೇಮಕಾತಿ ನೋಡಿಕೊಳ್ಳುವ ಪವಿತ್ರಳನ್ನೂ ಕರೆಸಿಕೊಂಡೆ. ಎರಡು ಜಿಗಿತಗಳನ್ನೂ ಸಂಖ್ಯೆಯಿಲ್ಲದೆ ಪರದೆಗೆ ಹಾಕಿ, ಆಡಿ ನೋಡಿ, ಯಾವುದು ಯಾರದು ಹೇಳಿ ಎಂದೆ. ಡೆರೆಕ್ ಎರಡು ಮೂರು ಸಲ ಆಡಿದ. ನಿನ್ನದನ್ನು ತೋರಿಸಿ, ನಾವು ತೆಗೆದುಕೊಂಡ ಹುಡುಗನದು ಇದು ಎಂದ. ಆಮೇಲೆ ನನ್ನ ಎರಡು ಷರಾಗಳನ್ನೂ ತೆರೆದಿಟ್ಟೆ. ಏಳನೆಯವರು ನನ್ನ ದೊಡ್ಡಪ್ಪನ ಮಗಳು, ನನಗೆ ಈ ವಿದ್ಯೆ ಕಲಿಸಿದವರು, ಷರಾ ಬರೆಯುವಾಗ ಅದು ನನಗೆ ತಿಳಿದಿರಲಿಲ್ಲ, ಸಮಿತಿಯ ಮಾತನ್ನು ಹೊರಗೆ ಬರೆದದ್ದೂ ನಾನೇ ಎಂದೆ. ಪೂರ್ತಿ ಹೇಳಿದೆ.

ಬೈಯುತ್ತಾರೆಂದು ಸಿದ್ಧಳಾಗಿದ್ದೆ, ಯಾರೂ ಬೈಯಲಿಲ್ಲ. ಇದನ್ನು ಹೇಳಲು ಧೈರ್ಯ ಬೇಕು ಎಂದ ಡೆರೆಕ್. ಪವಿತ್ರ ನಿಯಮಗಳನ್ನು ಓದಿದಳು. ಹುಡುಗ ಈಗಾಗಲೇ ಸೇರಿದ್ದಾನೆ. ತಿರಸ್ಕೃತವಾದ ಅರ್ಜಿಯನ್ನು ಒಂದು ವರ್ಷ ಮತ್ತೆ ತೆರೆಯುವಂತಿಲ್ಲ. ಸಂಬಂಧಿಯ ಪರೀಕ್ಷೆಯನ್ನು ನೋಡಿದ್ದರಿಂದಲೂ ಹೊರಗೆ ಮಾತಾಡಿದ್ದರಿಂದಲೂ ನಾನು ಇನ್ನು ಯಾವ ಸಮಿತಿಯಲ್ಲೂ ಇರುವಂತಿಲ್ಲ. ನನ್ನ ಜಾಗಕ್ಕೆ ಚಿತ್ರವಿಭಾಗದ ಚೈತ್ರಳನ್ನು ಹಾಕುತ್ತಾರಂತೆ. ಆಕೆಗೆ ಕೋಡ್ ಬಾರದು ಎಂದೆ. "ಅದು ಪರವಾಗಿಲ್ಲ, ರೂಲ್‌ಗೆ ಅಷ್ಟು ಸಾಕು" ಎಂದಳು ಪವಿತ್ರ, ನನಗಷ್ಟೇ ಅರ್ಥವಾಗಲೆಂದು ಕನ್ನಡದಲ್ಲಿ.

ಹೊರಗೆ ಬಂದಾಗ ನಾನು ನಿರೀಕ್ಷಿಸಿದ್ದ ಹಗುರ ಬರಲಿಲ್ಲ. ನಿನಗೆ ಏನೂ ದೊರಕಿಸಿಕೊಡಲಿಲ್ಲ. ನನ್ನ ಭಾವಚಿತ್ರ ಜಾಲತಾಣದಲ್ಲಿ ಹಾಗೆಯೇ ಇದೆ. ನಾನು ಸರಿಯಾದದ್ದನ್ನು ತಪ್ಪು ಹೊತ್ತಿನಲ್ಲಿ ಮಾಡಿದೆನೋ, ತಪ್ಪನ್ನು ಸರಿಯಾದ ರೀತಿಯಲ್ಲಿ ಮುಗಿಸಿದೆನೋ, ತೂಗಲು ನನ್ನ ಬಳಿ ಈಗ ಯಾವ ಮಾನದಂಡವೂ ಉಳಿದಿಲ್ಲ.

ನೀನು ಶಿವರಾಮು ಅಂಕಲ್‌ಗೆ ಏನು ಹೇಳಿದೆ?

ಭಾನು

*

ನೋವೈ
4 ಮೇ 2025

ಭಾನು ಪುಟ್ಟಿ,

ನಾಳೆ ಆಬರ್ನ್ ಹಿಲ್ಸ್‌ನಲ್ಲಿ ನನ್ನ ಮೊದಲ ದಿನ. ಡಬ್ಬಿಗೆ ಚಿತ್ರಾನ್ನ ಮಾಡಿಕೊಡುತ್ತೇನೆ ಎಂದಿದ್ದಾರೆ ಪ್ರಸಾದ್. ಉಪ್ಪು ನಾನೇ ಹಾಕಬೇಕು.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ನೀನು ಡೆರೆಕ್ ಹತ್ತಿರ ಹೋದದ್ದು ಶುಕ್ರವಾರ. ನಾನು ಶಿವರಾಮು ಅವರ ಕಾಗದಕ್ಕೆ ಸಹಿ ಮಾಡಿದ್ದು ಗುರುವಾರ. ಅವತ್ತೇ ನಿನಗೆ ತಿಳಿಸಬಹುದಿತ್ತು. ಫೋನ್ ಕೈಗೆ ತೆಗೆದುಕೊಂಡು ಕೆಳಗಿಟ್ಟೆ. ಇನ್ನು ನನಗೆ ಪ್ರಯೋಜನವಿಲ್ಲ ಎಂದು ಗೊತ್ತಾದರೆ ನೀನು ಹೋಗುವುದಿಲ್ಲವೇನೋ ಎಂಬ ಅನುಮಾನ. ಹೋಗಬೇಕೆಂದು ನನಗೆ ಯಾಕೆ ಅಷ್ಟು ಆಸೆಯಿತ್ತೋ, ಅದರಿಂದ ನನಗೆ ಬರುವುದೇನೋ. ನಿನ್ನನ್ನು ನಾನೂ ಒಂದು ಪರೀಕ್ಷೆಗೆ ಕೂರಿಸಿದ ಹಾಗಾಯಿತು. ಅದೂ ಹೇಳದೆ.

ಡೆರೆಕ್ ನನ್ನದನ್ನೇ ತೋರಿಸಿದ ಎಂದು ಬರೆದ ಸಾಲನ್ನು ಎರಡು ಸಲ ಓದಿದೆ. ಖುಷಿಯಾಯಿತು. ಖುಷಿಯಾದದ್ದಕ್ಕೆ ಅಳು ಬಂತು.

ಆಟಗಳಿಗೆ ವಾಪಸು ಹೋಗುತ್ತೇನೋ ಇಲ್ಲವೋ, ಈಗ ಕೇಳಬೇಡ.

ಲತಕ್ಕ

*

ಹಾಫ್‌ಮನ್ ಎಸ್ಟೇಟ್ಸ್
6 ಮೇ 2025

ಪ್ರೀತಿಯ ಅಕ್ಕ,

ನೀನು ಸಹಿ ಮಾಡಿದ್ದು ತಿಳಿದಿದ್ದರೆ ನಾನು ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದು ಬರೆದು ಅಳಿಸಿದೆ. ಹೋಗುತ್ತಿರಲಿಲ್ಲ ಎಂದು ಬರೆದು, ಅದನ್ನೂ ಅಳಿಸಿದೆ. ನನಗೆ ಉತ್ತರ ಬಾರದ ಪ್ರಶ್ನೆಯನ್ನು ಖಾಲಿ ಬಿಟ್ಟು ಅಭ್ಯಾಸವಿಲ್ಲ, ಇದನ್ನು ಬಿಡುತ್ತಿದ್ದೇನೆ.

ಇವತ್ತು ಊಟದ ಹೊತ್ತಿಗೆ ಪವಿತ್ರ ನನ್ನ ಪಕ್ಕ ಬಂದು ಕೂತಳು. ಆ ಸುತ್ತಿನಲ್ಲಿ ಕಾಲಪಟ್ಟಿಯಲ್ಲಿ ಖಾಲಿ ಜಾಗವಿದ್ದವರು ನೀನೊಬ್ಬಳೇ ಅಲ್ಲವಂತೆ. ಮೂರನೆಯ ಸಂಖ್ಯೆಯವರೂ ಇದ್ದರು, ಅವರಿಗೂ ಬೇಡವೆಂದು ಬರೆದದ್ದು ನಾನೇ. ಅಕ್ಕ, ಆ ಪರೀಕ್ಷೆ ನನಗೆ ನೆನಪೇ ಇಲ್ಲ. ಅವರ ಹುಡುಗಿ ಜಿಗಿದಳೋ, ಬಿದ್ದಳೋ, ನಾನು ಆಡಿದೆನೋ, ಓದಿದೆನೋ, ಒಂದೂ ನೆನಪಾಗುತ್ತಿಲ್ಲ. ಸಮಿತಿಯಲ್ಲಿ ಇಲ್ಲವಾದ್ದರಿಂದ ತೆರೆದು ನೋಡುವ ಅಧಿಕಾರವೂ ನನಗಿಲ್ಲ. "ಅವರು ನಿನಗೇನೂ ಆಗ್ಬೇಕಿಲ್ಲವಲ್ಲ, ಬಿಡು" ಎಂದಳು ಪವಿತ್ರ, ಒಳ್ಳೆಯ ಮನಸ್ಸಿನಿಂದಲೇ.

ಹೌದು, ಏನೂ ಆಗಬೇಕಿಲ್ಲ. ಅವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವರು ನನಗೆ ಪತ್ರ ಬರೆದು ಪ್ರಶ್ನಿಸುವುದಿಲ್ಲ.

ನಾಳೆ ಬೆಳಿಗ್ಗೆ ಮಾತಾಡಲು ಡೆರೆಕ್‌ನ ಹತ್ತಿರ ಸಮಯ ಕೇಳಿದೆ. ಯಾವ ವಿಷಯ ಎಂದ. ಮೂರನೆಯ ಸಂಖ್ಯೆ ಎಂದೆ. ಅವರು ನಿನಗೆ ಏನಾಗಬೇಕು ಎಂದು ಕೇಳಿದ. ಅದನ್ನು ನಾಳೆ ಬಂದೇ ಹೇಳುತ್ತೇನೆ ಎಂದೆ.

ನಿನ್ನ
ಭಾನು